ಸಾಲಕ್ಕೆ ನಮ್ಮ ಸಹಿ ಬೇಕು, ಮನೆಯಲ್ಲಿ ನಮ್ಮ ಮಾತು ಬೇಡ. ನಿಮ್ಮಲ್ಲೂ ಹೀಗೇನಾ?

ಸೆಕೆಂಡ್ ಶಿಫ್ಟ್ (ಕೋಲಾರ)

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಒಂದು ಪ್ರಶ್ನೆ. ದೊಡ್ಡವರೂ ಉತ್ತರ ಕೊಡಿ. ಬೈಯೋದಿದ್ದರೆ ಬೈಯಿರಿ, ಬೇಜಾರಿಲ್ಲ.

ನನಗೆ 28 ವರ್ಷ. ಡಿಪ್ಲೊಮಾ ಮುಗಿಸಿ ನರಸಾಪುರದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಊರಲ್ಲಿ ಎರಡೂವರೆ ಎಕರೆ ಇದೆ. ಇದ್ದ ಎರಡು ಬೋರೂ ಬತ್ತಿವೆ. ಕಳೆದ ಬೇಸಿಗೆಯಲ್ಲಿ ಅಪ್ಪ ಮೂರನೆಯದು ಕೊರೆಸೋಣ ಅಂದರು. ಅವರಿಗೆ ಬ್ಯಾಂಕಲ್ಲಿ ಸಾಲ ಹುಟ್ಟಲಿಲ್ಲ. ಕೊನೆಗೆ ನನ್ನ ಸ್ಯಾಲರಿ ಸ್ಲಿಪ್ ಮೇಲೆ ಪರ್ಸನಲ್ ಲೋನ್ ತೆಗೆದೆವು. ನಾನು ಹೇಳಿದ್ದು ಇಷ್ಟೇ. ಮೊದಲು ಜಿಯಾಲಜಿಸ್ಟ್ ಕರೆಸಿ ತೋರಿಸೋಣ, ಅವರು ನೀರಿಲ್ಲ ಅಂದರೆ ಅದೇ ದುಡ್ಡಲ್ಲಿ ಕೃಷಿ ಹೊಂಡ ತೆಗೆಸೋಣ. "ನಿನಗೇನೋ ಗೊತ್ತು, ಸುಮ್ನಿರು" ಅಂದರು ಅಪ್ಪ.

ನೀರಿನ ಪಾಯಿಂಟ್ ನೋಡುವವರು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ಓಡಾಡಿದರು. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ರಿಗ್ ಲಾರಿ ಬರುವಾಗ ರಾತ್ರಿಯಾಗಿತ್ತು. ಆಳಕ್ಕೆ ಇಳಿದಂತೆ ಅಡಿ ರೇಟೂ ಏರುತ್ತದೆ, ನಮ್ಮ ಕಡೆಯವರಿಗೆ ಅದನ್ನ ಹೇಳಬೇಕಿಲ್ಲ. 900 ಅಡಿಗೆ ನಿಲ್ಲಿಸೋಣ ಅಂದೆ. ದೊಡ್ಡಪ್ಪ, ಮಾವ, ಬದುವಿನ ಮೇಲೆ ಕೂತಿದ್ದ ಊರವರು, ಎಲ್ಲರದ್ದೂ ಒಂದೇ ಮಾತು: "ಇನ್ನೊಂದು ರಾಡ್ ಬಿಡಿ." ಹಾಗೇ ಒಂದೊಂದೇ ರಾಡ್ ಇಳಿದು 1,350 ಅಡಿ ಆಯಿತು. ಬರೀ ಬಿಳಿ ಧೂಳು. ಅಷ್ಟು ಹೊತ್ತೂ ರಿಗ್‌ನವರು ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ಮೆಷಿನ್ ಆಫ್ ಮಾಡಿದವರೇ ಸೀದಾ ನನ್ನ ಹತ್ತಿರ ಬಂದು, ಫೋನ್ ಮುಂದೆ ಹಿಡಿದು, "ಸಾರ್, ಸ್ಕ್ಯಾನ್ ಮಾಡಿ" ಅಂದರು.

ಈಗ ಸಂಬಳದಲ್ಲಿ ಮೂರರಲ್ಲಿ ಒಂದು ಪಾಲು ಕಂತಿಗೇ ಹೋಗುತ್ತಿದೆ. ಮೊನ್ನೆ ನೆಂಟರ ಮನೆ ಬೀಗರೂಟದಲ್ಲಿ ಅದೇ ಮಾವ ಎಲೆ ಮುಂದೆ ಕೂತು, "ಈಗಿನ ಹುಡುಗರಿಗೆ ಜವಾಬ್ದಾರಿನೇ ಇಲ್ಲ, 28 ಆದರೂ ಇವನು ಇನ್ನೂ ಸೆಟ್ಲ್ ಆಗಿಲ್ಲ" ಅಂತಾರೆ. ಅಪ್ಪ ಸುಮ್ಮನೆ ನಕ್ಕರು.

ಎಷ್ಟು ವಯಸ್ಸಾದ ಮೇಲೆ, ಎಷ್ಟು ಸಂಬಳ ಬಂದ ಮೇಲೆ ನಮ್ಮ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ? ನಿಮ್ಮ ಮನೆಗಳಲ್ಲಿ ಹೇಗೆ?

ಮೇಷ್ಟ್ರು (ಶ್ರೀನಿವಾಸಪುರ)

ಓದಿ ಬೇಜಾರಾಯಿತಪ್ಪ. ಆದರೆ ಒಂದು ಮಾತು. ನಿನ್ನನ್ನ ಕೇಳಿ ಆಮೇಲೆ ಬೇಡ ಅಂದರು. ನಮ್ಮನ್ನ ಕೇಳುತ್ತಲೇ ಇರಲಿಲ್ಲ.

ನಾನು 1984ರಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರಾಗಿ ಸೇರಿದೆ. ಸಂಬಳ ತಂದು ಅಪ್ಪನ ಕೈಗೆ ಕೊಡುವುದು, ಬಸ್ಸಿಗೆ ಅಂತ ಅವರು ಕೊಟ್ಟಷ್ಟು ಇಸ್ಕೊಳ್ಳುವುದು. ಮದುವೆಗೆ ಹುಡುಗಿ ನೋಡಲು ಹೋದವರು ಅಪ್ಪ ಮತ್ತು ಸೋದರಮಾವ. ನಾನು ಅವತ್ತು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಸಂಜೆ ಬಂದರೆ, "ಒಪ್ಪಿಗೆ ಆಯ್ತು" ಅಂದರು. ಯಾರ ಒಪ್ಪಿಗೆ ಅಂತ ಕೇಳುವ ಧೈರ್ಯ ಯಾರಿಗಿತ್ತು! (ಹೆಂಡತಿ ಒಳ್ಳೆಯವಳು ಸಿಕ್ಕಿದಳು, ಅದು ನನ್ನ ಪುಣ್ಯ. ಅವಳನ್ನ ಕೇಳಿದರೆ ಬೇರೆ ಉತ್ತರ ಬರಬಹುದು.)

ನಾವು ಓಟು ಹಾಕಬೇಕಾದರೆ 21 ತುಂಬಬೇಕಿತ್ತು. 1989ರಲ್ಲಿ ಅದು 18 ಆಯಿತು. ಓಟು ಬೇಗ ಸಿಕ್ಕಿತು, ಬೀರುವಿನ ಬೀಗದ ಕೈ ಮಾತ್ರ ಅಪ್ಪನ ಉಡಿದಾರದಲ್ಲೇ ಇತ್ತು. ನನಗೆ 41 ಆದಾಗ ಅವರು ಹೋದರು. ತಿಥಿ ದಿನ ಮಾವಿನ ತೋಪು ಗುತ್ತಿಗೆ ಹಿಡಿದವನು ಬಂದು ಮುಂದಿನ ಫಸಲಿಗೆ ಮುಂಗಡ ಆಗಲೇ ಕೊಟ್ಟಿದ್ದೇನೆ ಅಂದ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ತೋಪಿನ ಬಾಂದು ಕಲ್ಲು ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಅಷ್ಟು ವರ್ಷ ಮಗನಾಗಿ ಇದ್ದವನು ಒಂದೇ ದಿನಕ್ಕೆ ಯಜಮಾನ ಆಗಬೇಕಾಯಿತು. ಅದು ಕೂಡ ಒಳ್ಳೆಯದಲ್ಲ.

ನಂದಿ ಲೈಬ್ರರಿ (ಚಿಕ್ಕಬಳ್ಳಾಪುರ)

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಷ್ಟ ಸುಳ್ಳು ಅನ್ನಲ್ಲ. ಆದರೆ ನಿಮಗೆ ತಿಂಗಳಾದರೆ ಪಿಂಚಣಿ ಬರುತ್ತೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಬಹುತೇಕ ರಾಜ್ಯ ಸರ್ಕಾರಿ ನೌಕರರಿಗೆ ಆ ಹಳೇ ಪಿಂಚಣಿ ಇಲ್ಲ. ನೀವು ಸಂಬಳ ಅಪ್ಪನಿಗೆ ಕೊಟ್ಟಿರಿ, ಮುಪ್ಪಿಗೆ ಸರ್ಕಾರ ಇತ್ತು. ನಾವು ಸಂಬಳ ಮನೆಗೆ ಕೊಟ್ಟರೆ ನಮ್ಮ ಮುಪ್ಪಿಗೆ ಯಾರು?

ನಂದು ಇನ್ನೊಂದು ಕಥೆ. ಸಂಬಳವೇ ಇಲ್ಲ. 2019ರಲ್ಲಿ ಡಿಗ್ರಿ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಓದಿದೆ. 545 ಹುದ್ದೆ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ಪೂರ್ತಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಈ ನಡುವೆ ಊರಲ್ಲಿ ನನಗಿದ್ದ ಹೆಸರು "ಸುಮ್ನೆ ಕೂತವನು". ಆಮೇಲೆ ಗೆಜೆಟೆಡ್ ಪ್ರೊಬೇಷನರ್ 384 ಹುದ್ದೆಗೆ ಬರೆದೆ. 2024ರ ಆಗಸ್ಟ್‌ನ ಪ್ರಿಲಿಮ್ಸ್‌ನಲ್ಲಿ ಕನ್ನಡ ಪ್ರಶ್ನೆಗಳ ಅನುವಾದವೇ ಎಡವಟ್ಟಾಗಿ ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು. ನಿರುದ್ಯೋಗಿಗಳಿಗೆ ಕೊಡೋ ಯುವನಿಧಿ ಭತ್ಯೆ ಕೇಳೋಣ ಅಂದರೆ ಅದು 2022-23ರಲ್ಲಿ ಪಾಸಾದವರಿಂದ ಶುರು. ನಾನು ಹಳಬ!

ಅಪ್ಪ ಏನೂ ಅನ್ನಲ್ಲ, ಪಾಪ. ಅನ್ನೋರು ಪಕ್ಕದ ಮನೆಯವರು. "ಇನ್ನೂ ಓದ್ತಾನೇ ಇದ್ದಾನಾ?" ಪರೀಕ್ಷೆ ಯಾಕೆ ಮುಂದೆ ಹೋಯಿತು ಅಂತ ಒಬ್ಬರೂ ಕೇಳಲಿಲ್ಲ.

ವಡ್ಡಹಳ್ಳಿ ಮಂಡಿ (ಮುಳಬಾಗಿಲು)

ಎಲ್ಲರೂ ಮಕ್ಕಳ ಕಡೆ ಮಾತಾಡ್ತಿದ್ದೀರಿ. ಅಪ್ಪನ ಕಡೆ ನಾನೊಬ್ಬ ಇರಲಿ.

ನನ್ನ ಮಗನಿಗೆ ನಾನು ಮಾತು ಬಿಟ್ಟುಕೊಟ್ಟೆ ಸ್ವಾಮಿ. 2023ರ ಜುಲೈ ನೆನಪಿದೆಯಲ್ಲ. ಕೋಲಾರ ಮಂಡಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ 2,000 ರೂಪಾಯಿ ದಾಟಿತು. ಟಿವಿಯವರೆಲ್ಲ ಬಂದು ಕ್ಯಾಮೆರಾ ಹಿಡಿದರು. ಮಗ ಎಂಜಿನಿಯರಿಂಗ್ ಓದಿದವನು, ಬೆಂಗಳೂರು ಕೆಲಸ ಬೇಡ ಅಂತ ಬಂದಿದ್ದ. "ಅಪ್ಪಾ, ಇದ್ದ ಜಾಗಕ್ಕೆಲ್ಲ ಟೊಮ್ಯಾಟೊ ಇಡೋಣ" ಅಂದ. ನಾನು ಬೇಡ ಕಣೋ, ಊರೆಲ್ಲ ಇಡ್ತಾರೆ, ಅರ್ಧಕ್ಕೆ ಇಡು ಅಂದೆ. ಕೇಳಲಿಲ್ಲ. ಸರಿ, ನಿನ್ನಿಷ್ಟ ಅಂದೆ. ನಾರು, ಮಲ್ಚಿಂಗ್ ಪೇಪರ್, ಡ್ರಿಪ್, ಕಡ್ಡಿ, ದಾರ, ಔಷಧಿ, ಕೂಲಿ. ಕಾಯಿ ಬರುವ ಹೊತ್ತಿಗೆ ಸೆಪ್ಟೆಂಬರ್. ರೇಟು ನೆಲ ಕಚ್ಚಿತ್ತು. ಕೀಳಿಸಿದ ಕೂಲಿ, ಬಾಕ್ಸು, ಟೆಂಪೋ ಬಾಡಿಗೆ ಕಳೆದರೆ ಕೈಗೇನೂ ಇಲ್ಲ. ಕಡೇ ಕೊಯ್ಲು ತೋಟದಲ್ಲೇ ಬಿಟ್ಟೆವು, ಕುರಿ ಮೇಯ್ದವು.

ಈಗ ಹೇಳಿ. ಸೆಕೆಂಡ್ ಶಿಫ್ಟ್ ಹುಡುಗ ಅಪ್ಪನ ಬೋರಿಗೆ ಕಂತು ಕಟ್ಟುತ್ತಾನೆ, ನಾನು ಮಗನ ಟೊಮ್ಯಾಟೊಗೆ ಕಟ್ಟುತ್ತಿದ್ದೇನೆ. ನಾನು ಯಾವ ವೇದಿಕೆಗೆ ಹೋಗಿ ಬರೆಯಲಿ?

ಸೆಕೆಂಡ್ ಶಿಫ್ಟ್ (ಕೋಲಾರ)

ಅಣ್ಣ, ಇಲ್ಲೇ ಬರೆದಿದ್ದೀರಲ್ಲ 🙂

ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ನೀವು ಟೊಮ್ಯಾಟೊ ಇಟ್ಟು ಲಾಸ್ ಆದ ವರ್ಷ ಒಂದೂ ಇಲ್ವಾ? ಆಗ ಮನೆಯಲ್ಲಿ ಯಾರಾದರೂ "ಇನ್ನು ಮೇಲೆ ಅಪ್ಪನಿಗೆ ಕೊಡಬೇಡಿ" ಅಂದರಾ?

ವಡ್ಡಹಳ್ಳಿ ಮಂಡಿ (ಮುಳಬಾಗಿಲು)

ಅಂದಿದ್ದರೆ ನಾನು ಕೇಳುತ್ತಿದ್ದೆನಾ! ಒಂದು ವರ್ಷ ರೋಡಿಗೆ ಸುರಿದು ಬಂದಿದ್ದೇನೆ. ಒಪ್ಪಿದೆ ಬಿಡಪ್ಪ. ಆದರೆ ಮಗ ಈಗ ಮಾತೇ ಆಡಲ್ಲ. "ನೀನೇ ಹೇಳು, ಹಾಗೇ ಮಾಡ್ತೀನಿ" ಅಂತಾನೆ. ಅದಕ್ಕಿಂತ ಜಗಳ ಆಡಿದ್ದರೇ ಚೆನ್ನಾಗಿತ್ತು.

ಅವರೆಕಾಯಿ (ಮುಳಬಾಗಿಲು)

ಗಂಡಸರೆಲ್ಲ ಮಾತಾಡಿ ಮುಗಿಸಿದ್ದರೆ ನಾನೂ ಸ್ವಲ್ಪ ಹೇಳಲಾ?

ನನಗೆ 24. ನಾನೂ ಫ್ಯಾಕ್ಟರಿಯಲ್ಲೇ. ಅಸೆಂಬ್ಲಿ ಲೈನ್. ಮೊದಲು ಹಾಸ್ಟೆಲ್‌ನಲ್ಲಿದ್ದೆ, ಈಗ ಕಂಪನಿ ಬಸ್ಸಲ್ಲಿ ಊರಿಂದಲೇ ಓಡಾಟ. ಎಟಿಎಂ ಕಾರ್ಡ್ ಅಪ್ಪನ ಜೇಬಲ್ಲಿದೆ. ನಾನು ಕೇಳಿದರೆ ಕೊಡ್ತಾರೆ, ಇಲ್ಲ ಅನ್ನಲ್ಲ. ಆದರೆ ಕೇಳಬೇಕು. ಪಿನ್ ಬದಲಾಯಿಸಿದರೆ ಮನೆಯಲ್ಲಿ ರಾಮಾಯಣ.

ಸಂಬಳದ ದಿನ ನಾನು "ಗಂಡುಮಗ ಇದ್ದ ಹಾಗೆ". ಮಾರನೇ ದಿನದಿಂದ ಹೆಣ್ಣುಮಗು. ಸೆಕೆಂಡ್ ಶಿಫ್ಟ್ ಬಿಟ್ಟಾಗ ಬಸ್ಸು ಮೇನ್ ರೋಡಲ್ಲಿ ಇಳಿಸುತ್ತೆ. ಅಲ್ಲಿಂದ ಮನೆಗೆ ಮೂರು ಕಿಲೋಮೀಟರ್, ಬೀದಿ ದೀಪ ಇಲ್ಲ. ತಮ್ಮ ಬಂದು ಕರ್ಕೊಂಡು ಹೋಗಬೇಕು. ಅವನು ಬೈಕಲ್ಲಿ ಎಲ್ಲಾದರೂ ಹೋಗಿದ್ದರೆ ಟೀ ಅಂಗಡಿ ಮುಚ್ಚಿದ ಮೇಲೂ ಅಲ್ಲೇ ನಿಂತಿರಬೇಕು. ಸೆಕೆಂಡ್ ಹ್ಯಾಂಡ್ ಸ್ಕೂಟಿ ತಗೋತೀನಿ ಅಂದೆ. "ರಾತ್ರಿ ಹೊತ್ತು ಒಬ್ಬಳೇ ಗಾಡಿ ಓಡಿಸ್ತೀಯಾ? ಊರವರು ಏನಂತಾರೆ?" ತಮ್ಮನ ಆ ಬೈಕ್ ಯಾರ ದುಡ್ಡಲ್ಲಿ ಬಂತು ಅಂತ ಊರವರಿಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು.

ಮಿಕ್ಕ ದುಡ್ಡು ನನ್ನ ಮದುವೆ ಚೀಟಿಗೆ. ಅಮ್ಮ ಹೇಳ್ತಾಳೆ, 2000ದ ಸುಮಾರಿಗೆ 10 ಗ್ರಾಂ ಚಿನ್ನ ಐದು ಸಾವಿರದ ಒಳಗಿತ್ತಂತೆ. 2025ರಲ್ಲಿ ಲಕ್ಷ ದಾಟಿತು. ನಾನು ಕಟ್ಟೋ ಚೀಟಿ ಹಿಂದೆ, ರೇಟು ಮುಂದೆ. ಮದುವೆ ಬೇಡ ಅಂತ ಹೇಳ್ತಿಲ್ಲ. ಸ್ಕೂಟಿ ಮೊದಲು, ಸರ ಆಮೇಲೆ ಅಂತ ಹೇಳೋ ಹಾಗಿದ್ದರೆ ಸಾಕಿತ್ತು.

ಕ್ಯಾತ್ಸಂದ್ರ ಗೇಟ್ (ತುಮಕೂರು)

@ಅವರೆಕಾಯಿ ತಂಗಿ, ಗಾಡಿ ತಗೋ. ಊರವರು ಒಂದು ವಾರ ಅಂತಾರೆ, ಆಮೇಲೆ ಅವರ ಮನೆ ಹುಡುಗಿಗೂ ಡ್ರಾಪ್ ಕೇಳ್ತಾರೆ. ನನ್ನ ತಂಗಿಗೆ ಹಾಗೇ ಆಯಿತು.

ನಮ್ಮಲ್ಲಿ ಸಮಸ್ಯೆ ಉಲ್ಟಾ. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಒಂದೇ ಕಂಪನಿ, ಒಂದೇ ಗೇಟು, ಕ್ಯಾಂಟೀನಲ್ಲಿ ಊಟ. ಫ್ಯಾಕ್ಟರಿ ಮುಚ್ಚಿದ್ದನ್ನ ಕಣ್ಣಾರೆ ನೋಡಿದವರೇ ನನಗೆ "ಕಂಪನಿ ಯಾಕೆ ಬಿಟ್ಟೆ, ಒಂದು ಕಡೆ ನಿಲ್ಲೋದೇ ಇಲ್ಲ ನೀನು" ಅಂತಾರೆ. ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್ ಅಂದರೆ ಅವರಿಗೆ ಅರ್ಥವೇ ಆಗಲ್ಲ.

ಮಾರಿಕುಪ್ಪಂ ಗಾಡಿ (ಕೆಜಿಎಫ್)

ಕೆಜಿಎಫ್‌ನಿಂದ ಒಂದು ಮಾತು.

ನಮ್ಮಪ್ಪ ಚಿನ್ನದ ಗಣಿ ಕಂಪನಿ ಬಿಜಿಎಂಎಲ್‌ನಲ್ಲಿ ಅಂಡರ್‌ಗ್ರೌಂಡ್ ಕೆಲಸ. ತಾತನೂ ಗಣಿಯೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಅಪ್ಪನಿಗೆ ಆಗ 46. ನೆಲದ ಕೆಳಗೆ ಡ್ರಿಲ್ ಹಿಡಿಯೋದು ಬಿಟ್ಟು ಬೇರೆ ಗೊತ್ತಿಲ್ಲದ ಮನುಷ್ಯ. ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಸೆಕ್ಯೂರಿಟಿ ಆದರು. ಮೊದಲ ಸಲ ಆ ಯೂನಿಫಾರ್ಮ್ ಹಾಕಿಕೊಂಡು ರೈಲು ಹತ್ತುವಾಗ ಮೇಲೆ ಸ್ವೆಟರ್ ಹಾಕಿ ಬಟನ್ ಪೂರ್ತಿ ಹಾಕಿಕೊಂಡಿದ್ದರು. ಮಾರ್ಚ್ ತಿಂಗಳು, ಬಿಸಿಲು. ಯಾಕೆ ಅಂತ ನನಗೆ ಎಷ್ಟೋ ವರ್ಷ ಆದ ಮೇಲೆ ಹೊಳೆಯಿತು.

ನಮ್ಮ ಲೈನ್ ಮನೆಗಳಲ್ಲಿ "ಈಗಿನ ಹುಡುಗರು" ಅನ್ನೋ ಮಾತು ಕಡಿಮೆ. ಹೇಳುವ ಬಾಯಿ ಇರಬೇಕಲ್ಲ, ಅವರದ್ದೇ ಒಂದು ನೋಟಿಸಿಗೆ ಮುಗಿದು ಹೋಯಿತು. ನಾನು ಪಿಯುಸಿ ಮುಗಿಸಿ ಕೆಲಸಕ್ಕೆ ಹೋಗುತ್ತೀನಿ ಅಂದಾಗ ಅಪ್ಪ ನನ್ನನ್ನೇ ಕೇಳಿದರು, "ಯಾವುದು ನಿಲ್ಲುತ್ತೆ ಅನ್ಸುತ್ತೆ ನಿನಗೆ?" ಅವತ್ತಿಂದ ಮನೆಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕುತ್ತೇವೆ.

ಈಗಲೂ ಬೆಳಗಿನ ಗಾಡಿಯಲ್ಲಿ ನೋಡಿ. ಮಾರಿಕುಪ್ಪಂನಲ್ಲಿ ಹತ್ತಿದವರು ಬಂಗಾರಪೇಟೆ ದಾಟುವವರೆಗೆ ನಿದ್ದೆ. ಆಮೇಲೆ ಒಂದು ಕಡೆ ಇಸ್ಪೀಟು, ಇನ್ನೊಂದು ಕಡೆ ಸೀಸನ್ ಇದ್ದರೆ ಹೆಂಗಸರು ಮಡಿಲಲ್ಲಿ ಅವರೆಕಾಯಿ ಸುಲಿಯುತ್ತಿರುತ್ತಾರೆ. 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೊ ಬಂದ ಮೇಲೆ ಅರ್ಧ ಜನ ಅಲ್ಲೇ ಇಳಿದುಬಿಡುತ್ತಾರೆ. ಇಪ್ಪತ್ತೆರಡರ ಹುಡುಗನೂ ಐವತ್ತೈದರ ಅಪ್ಪನೂ ಒಂದೇ ಬೋಗಿ, ಒಂದೇ ಥರ ಪಾಸು. ಯಾರು ಯಾರಿಗೆ ಸೆಟ್ಲ್ ಆಗು ಅಂತ ಹೇಳೋದು?

ಮೇಷ್ಟ್ರು (ಶ್ರೀನಿವಾಸಪುರ)

ಆ ಸ್ವೆಟರ್ ವಿಷಯ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆನಪ್ಪ.

ನಾವು ದೊಡ್ಡವರು ಬಾಯಿಬಿಟ್ಟು ಹೇಳದ ಒಂದು ಮಾತು ಹೇಳುತ್ತೇನೆ. ನಮಗೆ ಭಯ. ಬೋರ್ ಎಲ್ಲಿ ಕೊರೆಸಬೇಕು ಅನ್ನೋದನ್ನ ಮಗ ಹೇಳಿದರೆ ನಾಳೆ ಊಟಕ್ಕೆ ಏನು ಮಾಡಬೇಕು ಅನ್ನೋದನ್ನೂ ಅವನೇ ಹೇಳುತ್ತಾನೆ, ನಾವು ಜಗಲಿ ಮೇಲೆ ಕೂರಬೇಕು ಅನ್ನೋ ಭಯ. ಸಾಲ ಮಗನ ಹೆಸರಲ್ಲಿ ಆದಷ್ಟೂ ಈ ಭಯ ಜಾಸ್ತಿ. ಅದಕ್ಕೇ ಗದರುವುದೂ ಜಾಸ್ತಿ. ಹಿರಿಯರಿಗೆ ಜೀವನಾಂಶ ಕೊಡಿಸಲು 2007ರಲ್ಲಿ ಕಾನೂನು ಬಂದಿದೆ ನಿಜ. ಮಗನ ಮೇಲೆ ಅರ್ಜಿ ಹಿಡಿದು ಉಪವಿಭಾಗಾಧಿಕಾರಿ (ಎಸಿ) ಆಫೀಸಿಗೆ ಹೋಗುವ ಸ್ಥಿತಿ ಯಾವ ಅಪ್ಪನಿಗೆ ಬೇಕು?

ನಂದಿ ಲೈಬ್ರರಿ (ಚಿಕ್ಕಬಳ್ಳಾಪುರ)

ಮೇಷ್ಟ್ರೇ, ನಿಮ್ಮನ್ನ ಪಿಂಚಣಿ ಅಂತ ಚುಚ್ಚಿದ್ದು ಸ್ವಲ್ಪ ಜಾಸ್ತಿ ಆಯಿತೇನೋ. ಆದರೂ ಪಾಯಿಂಟ್ ಪಾಯಿಂಟೇ 😄

ಪತ್ರ ಬರೆಯೋಳು (ಚಿಂತಾಮಣಿ)

ನಾನು ಪತ್ರ ಬರಹಗಾರರ ಆಫೀಸಲ್ಲಿ ಟೈಪಿಂಗ್ ಮಾಡೋಳು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ದಿನಾ ಇದೇ ಕೆಲಸ. ಮೊದಲ ಪೋಸ್ಟಲ್ಲಿ ಎಲ್ಲರೂ ತೆಂಗಿನಕಾಯಿ ಹಿಡ್ಕೊಂಡಿದ್ದೀರಿ, ಒಂದು ಸಾಲು ಯಾರೂ ನೋಡಲಿಲ್ಲ. "ಅವರಿಗೆ ಬ್ಯಾಂಕಲ್ಲಿ ಸಾಲ ಹುಟ್ಟಲಿಲ್ಲ." ಯಾಕೆ ಹುಟ್ಟಲಿಲ್ಲ? ಎರಡೂವರೆ ಎಕರೆ ಇರೋ ರೈತರಿಗೆ? ಪಹಣಿ ಯಾರ ಹೆಸರಲ್ಲಿದೆ ತಮ್ಮಾ?

ಸೆಕೆಂಡ್ ಶಿಫ್ಟ್ (ಕೋಲಾರ)

ಅಕ್ಕ, ತಾತನ ಹೆಸರಲ್ಲೇ ಇದೆ. ತಾತ ಹೋದಾಗ ನಾನು ಹೈಸ್ಕೂಲು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಬಾಯಿಮಾತಲ್ಲಿ ಹಂಚ್ಕೊಂಡು ಉಳುತ್ತಿದ್ದಾರೆ. ನಮ್ಮ ಪಾಲು ಈ ಎರಡೂವರೆ. ದಾರಿ ವಿಷಯಕ್ಕೆ ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಆಗಲ್ಲ, ಹಾಗಾಗಿ ಯಾರೂ ಖಾತೆಗೆ ಕೈ ಹಾಕಿಲ್ಲ.

ಪತ್ರ ಬರೆಯೋಳು (ಚಿಂತಾಮಣಿ)

ಅಂದುಕೊಂಡೆ. ನಮ್ಮ ಟೇಬಲ್ ಮುಂದೆ ಇಂಥವರು ದಿನಾ ಬರುತ್ತಾರೆ. ತಲೆ ಪೂರ್ತಿ ನೆರೆತಿರುತ್ತೆ, ಮೊಮ್ಮಕ್ಕಳಿರುತ್ತಾರೆ, ಪಹಣಿ ತೆಗೆದರೆ ಮಾಲೀಕರ ಹೆಸರಿನ ಕಾಲಂ 9ರಲ್ಲಿ ಅಪ್ಪನ ಹೆಸರು. ನಿಮ್ಮಪ್ಪನೂ ಸರ್ಕಾರದ ಲೆಕ್ಕದಲ್ಲಿ ಇನ್ನೂ ತಾತನ ಮಗ, ಅಷ್ಟೇ. ನಿಮಗೆ ಮಾತು ಕೊಟ್ಟಿಲ್ಲ ಅಂತೀರಲ್ಲ, ಕಾಗದದ ಮೇಲೆ ಅವರಿಗೂ ಯಾರೂ ಕೊಟ್ಟಿಲ್ಲ.

ಇದರಿಂದ ಆಗುವ ನಷ್ಟ ನೋಡಿ. ಸಹಕಾರ ಸಂಘಗಳಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನ 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಶೇ 3 ಬಡ್ಡಿಯ ಮಧ್ಯಮಾವಧಿ, ದೀರ್ಘಾವಧಿ ಸಾಲದ ಮಿತಿ 10 ಲಕ್ಷದಿಂದ 15 ಲಕ್ಷ ಆಯಿತು. ಪಿಎಂ ಕಿಸಾನ್ ವರ್ಷಕ್ಕೆ 6,000. ಇದಕ್ಕೆಲ್ಲ ಜಮೀನು ಸ್ವಂತ ಹೆಸರಲ್ಲಿರಬೇಕು. ಸಾಲ ಕೊಟ್ಟವರು ಕಾಲಂ 11ರಲ್ಲಿ ಋಣ ಹಾಕಿಸಬೇಕಲ್ಲ, ತೀರಿಹೋದ ತಾತನ ಹೆಸರಿಗೆ ಹೇಗೆ ಹಾಕಿಸುತ್ತಾರೆ? ಅದಕ್ಕೇ ಶೇ 3ರಲ್ಲಿ ಸಿಗಬಹುದಾಗಿದ್ದ ದುಡ್ಡಿಗೆ ನೀವು ಪರ್ಸನಲ್ ಲೋನ್ ಬಡ್ಡಿ ಕಟ್ಟುತ್ತಿದ್ದೀರಿ. ಬೋರಲ್ಲಿ ನೀರು ಬಂದಿದ್ದರೂ ಈ ನಷ್ಟ ಇದ್ದೇ ಇರುತ್ತಿತ್ತು.

ಅಣ್ಣತಮ್ಮಂದಿರ ಜಗಳಕ್ಕೂ ಪೌತಿ ಖಾತೆಗೂ ಸಂಬಂಧ ಇಲ್ಲ, ಇದನ್ನ ತಿಳ್ಕೊಳ್ಳಿ. ಪೌತಿ ಅಂದರೆ ತೀರಿಕೊಂಡವರ ಹೆಸರು ತೆಗೆದು ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಕೂರಿಸುವುದು. ಯಾರ ಪಾಲು ಯಾವ ಕಡೆ, ದಾರಿ ಎಲ್ಲಿ ಅನ್ನೋದು ಆಮೇಲೆ ವಿಭಾಗಪತ್ರದಲ್ಲಿ. ಮೊದಲನೆಯದಕ್ಕೆ ಎರಡನೆಯದು ಮುಗಿಯಬೇಕಿಲ್ಲ.

ವಡ್ಡಹಳ್ಳಿ ಮಂಡಿ (ಮುಳಬಾಗಿಲು)

ಈ ಅಮ್ಮ ಹೇಳಿದ್ದು ಸರಿ. ನಮ್ಮದೂ ಹೀಗೇ ಇತ್ತು, ಮಾಡಿಸಿದ ಮೇಲೆ ಸೊಸೈಟಿಯಲ್ಲಿ ಸಾಲ ಆಯಿತು.

ಹುಡುಗಾ, ಒಂದು ಉಪಾಯ ಕೇಳು. ಮನೆಯಲ್ಲಿ ಎಲ್ಲರ ಮುಂದೆ ಈ ವಿಷಯ ಎತ್ತಬೇಡ. ದೊಡ್ಡಪ್ಪ ಇದ್ದಾಗಂತೂ ಬೇಡವೇ ಬೇಡ. ನಿಮ್ಮಪ್ಪನಿಗೆ ಪೌತಿ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಗೊತ್ತಿರುತ್ತೆ. ಆಫೀಸಿಗೆ ಹೋದರೆ ಕೌಂಟರ್‌ನವರು ಏನೋ ಕೇಳ್ತಾರೆ, ಇವರಿಗೆ ಉತ್ತರ ಬರಲ್ಲ, ಅಪ್ಲಿಕೇಶನ್ ತುಂಬೋಕೆ ಬರಲ್ಲ. ಆ ನಾಚಿಕೆಗೇ ಎಷ್ಟೋ ಜನ ಹೋಗಲ್ಲ. ರಜೆ ದಿನ ಬೈಕಲ್ಲಿ ಕೂರಿಸ್ಕೊಂಡು ಹೋಗು. ಅವರು ಮುಂದೆ ನಿಲ್ಲಲಿ, ನೀನು ಹಿಂದೆ ನಿಂತು ಫಾರಂ ತುಂಬು.

ಸೆಕೆಂಡ್ ಶಿಫ್ಟ್ (ಕೋಲಾರ)

ಅಣ್ಣ, ಇದು ನನಗೆ ಹೊಳೆದೇ ಇರಲಿಲ್ಲ. ಆದರೂ ಒಂದು ಕೋಪ ಉಳಿದಿದೆ, ಮುಚ್ಚಿಡಲ್ಲ. ಅವರಿಗೆ ನಾಚಿಕೆ, ಭಯ, ಎಲ್ಲ ಅರ್ಥ ಮಾಡ್ಕೊಬೇಕಾದವನು ನಾನೇ. ಕಂತೂ ನಾನೇ ಕಟ್ಟಬೇಕು, ಮನಸ್ಸೂ ನಾನೇ ನೋಡಬೇಕು. ನನ್ನ ಕಡೆ ಯಾರು ನೋಡ್ತಾರೆ?

ಇನ್ನೊಂದು. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕಡೆ ಕೆರೆಗಳಿಗೆ ಬಿಡೋ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆ ಕಡೆ ಕೆರೆ ಕೆಳಗಿನವರ ಬೋರೆಲ್ಲ ಮತ್ತೆ ಉಸಿರಾಡ್ತಿವೆ. ನಮ್ಮೂರ ಕೆರೆ ಆ ಸಾಲಲ್ಲಿ ಬರಲ್ಲ. ಜಿಯಾಲಜಿಸ್ಟ್ ಬೇಕು ಅಂದಿದ್ದು ಅದಕ್ಕೇ. ಪಕ್ಕದೂರಲ್ಲಿ ನೀರು ಬಂತು ಅಂತ ಇಲ್ಲೂ ಬರುತ್ತೆ ಅಂದ್ಕೊಂಡರು. ಅಪ್ಪನಿಗೆ ಇದನ್ನ ಇವತ್ತಿಗೂ ಪೂರ್ತಿ ಹೇಳೋಕೆ ಆಗಿಲ್ಲ. ಮಧ್ಯದಲ್ಲೇ ಎದ್ದು ಹೋಗ್ತಾರೆ.

ಮಾರಿಕುಪ್ಪಂ ಗಾಡಿ (ಕೆಜಿಎಫ್)

ಕೋಪ ಇರಲಿ ಗುರು. ಅದು ನ್ಯಾಯವಾದದ್ದೇ. ಮಾವನ ಮುಂದೆ ಮಾತ್ರ ಮುಂದಿನ ಸಲ ಸುಮ್ನಿರಬೇಡ. "ಮಾವ, ಆ ಬೋರಿನ ಕಂತು ನಾನೇ ಕಟ್ತಿದ್ದೀನಿ, ಈ ತಿಂಗಳದ್ದು ನೀವು ಹಾಕ್ತೀರಾ" ಅಂತ ನಗ್ತಾ ನಗ್ತಾ ಕೇಳು. ಪಾಯಸ ಬಡಿಸೋ ಹೊತ್ತಿಗೆ ಕೇಳಿದರೆ ಒಳ್ಳೇದು.

ಅವರೆಕಾಯಿ (ಮುಳಬಾಗಿಲು)

😂😂 ಇದನ್ನ ನಾನೂ ನೋಟ್ ಮಾಡ್ಕೊಂಡೆ.

ಚಿಂತಾಮಣಿ ಅಕ್ಕ, ನನಗೊಂದು ಡೌಟು. ಹೋದ ವರ್ಷ ನಮ್ಮಕ್ಕನ ಮದುವೆ ಆದ ಮೇಲೆ ಅವಳನ್ನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಸಹಿ ಹಾಕಿಸಿದರು. ಏನು ಅಂತ ಅವಳೂ ಕೇಳಲಿಲ್ಲ. ನನ್ನ ಮದುವೆ ಆದ ಮೇಲೆ ನನ್ನನ್ನೂ ಕರೀತಾರೆ ಅನ್ಸುತ್ತೆ. ಅದು ಹಾಕಲೇಬೇಕಾ?

ಪತ್ರ ಬರೆಯೋಳು (ಚಿಂತಾಮಣಿ)

ಅದು ಹಕ್ಕು ಬಿಡುಗಡೆ ಪತ್ರ ಇರಬೇಕಮ್ಮ. ಹಾಕಲೇಬೇಕು ಅಂತ ಯಾವ ಕಾನೂನೂ ಇಲ್ಲ.

ವಾರಕ್ಕೆ ಎಷ್ಟೋ ಇಂಥವು ನಾನೇ ಟೈಪ್ ಮಾಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಹುಡುಗಿ ಹೊಸ ಸೀರೆ ಉಟ್ಟು ಬಂದಿರುತ್ತಾಳೆ. ಕಂಕುಳಲ್ಲಿ ಕೂಸು. ಫೋಟೊ, ಹೆಬ್ಬೆಟ್ಟು, ಸಹಿ, ಹತ್ತು ನಿಮಿಷ. ಆಮೇಲೆ ಅಣ್ಣಂದಿರು ಹೋಟೆಲಲ್ಲಿ ಊಟ ಕೊಡಿಸಿ ಬಸ್ಸು ಹತ್ತಿಸುತ್ತಾರೆ. "ಅರಿಶಿನ ಕುಂಕುಮಕ್ಕೆ" ಅಂತ ಅಷ್ಟೋ ಇಷ್ಟೋ ಕೈಗಿಡುತ್ತಾರೆ. ನಿನ್ನ ಥರದವಳಿಗೆ ಸ್ಕೂಟಿ ತಗೊಳ್ಳೋಕೆ ಬುದ್ಧಿ ಸಾಲದು, ಎಕರೆಗಟ್ಟಲೆ ಬಿಟ್ಟುಕೊಡೋಕೆ ಬುದ್ಧಿ ಬಲಿತಿರುತ್ತೆ!

ಕಾನೂನು ಇಷ್ಟು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು, ಆದರೆ ಆಗಲೇ ಮದುವೆ ಆಗಿದ್ದವರನ್ನ ಬಿಟ್ಟಿತ್ತು. 2005ರಲ್ಲಿ ದೇಶಕ್ಕೆಲ್ಲ ಬಂತು, ಮದುವೆ ಆಗಿರಲಿ ಬಿಡಲಿ ಸಮಪಾಲು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ಅಪ್ಪ ಬದುಕಿದ್ದರೇ ಮಾತ್ರ ಅಂತೇನಿಲ್ಲ ಅಂದಿತು. ಬಿಟ್ಟುಕೊಡಬೇಕು ಅಂತ ಮನಸ್ಸಿದ್ದರೆ ಬಿಟ್ಟುಕೊಡು, ಅದು ನಿನ್ನಿಷ್ಟ. ಪತ್ರ ಪೂರ್ತಿ ಓದಿಸಿಕೊಂಡು ಸಹಿ ಹಾಕು. ಓದಿ ಹೇಳಿ ಅಂದರೆ ನಾವು ಓದಿ ಹೇಳುತ್ತೇವೆ. ಯಾರೂ ಕೇಳುವುದಿಲ್ಲ ಅಷ್ಟೇ.

ಮೇಷ್ಟ್ರು (ಶ್ರೀನಿವಾಸಪುರ)

ನನ್ನ ಮೂವರು ತಂಗಿಯರದ್ದೂ ಸಹಿ ಹಾಕಿಸಿದ್ದೆವು. ಅಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಸೆಕೆಂಡ್ ಶಿಫ್ಟ್ (ಕೋಲಾರ)

ಅಪ್ಡೇಟ್. ಮಂಡಿ ಅಣ್ಣ ಹೇಳಿದ ಹಾಗೆ ಮಾಡಿದೆ. ಅಪ್ಪನ ಜೊತೆ ಕೋಲಾರಕ್ಕೆ ಬೇರೆ ಕೆಲಸಕ್ಕೆ ಹೋದಾಗ ದಾರಿಯಲ್ಲಿ ಟೀ ಕುಡೀತಾ ವಿಷಯ ಎತ್ತಿದೆ. ಮೊದಲು "ಅದೆಲ್ಲ ನಿನಗ್ಯಾಕೆ" ಅಂದರು. ಆಮೇಲೆ ಪರ್ಸನಲ್ ಲೋನ್ ಬಡ್ಡಿ, ಸೊಸೈಟಿ ಬಡ್ಡಿ, ಎರಡನ್ನೂ ಫೋನಲ್ಲಿ ಲೆಕ್ಕ ಹಾಕಿ ತೋರಿಸಿದೆ. ತುಂಬಾ ಹೊತ್ತು ನೋಡಿದರು. "ನಾಡಕಚೇರಿ ಇವತ್ತು ಇರುತ್ತಾ?" ಅಂದರು. ಅವತ್ತು ಎರಡನೇ ಶನಿವಾರ.

ದೊಡ್ಡಪ್ಪನ ಹತ್ತಿರ ತಾವೇ ಮಾತಾಡ್ತೀನಿ ಅಂದಿದ್ದಾರೆ. ನನ್ನನ್ನ ಜೊತೆಗೆ ಕರೀತಾರಾ ಇಲ್ವಾ ಗೊತ್ತಿಲ್ಲ. ಏನೇನು ಕಾಗದ ರೆಡಿ ಇಟ್ಟುಕೊಳ್ಳಬೇಕು ಅಕ್ಕ?

ಪತ್ರ ಬರೆಯೋಳು (ಚಿಂತಾಮಣಿ)

ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್, ಈಗಿನ ಪಹಣಿ. ಮರಣ ಪ್ರಮಾಣಪತ್ರ ಇದೆಯಾ ಅಂತ ಮೊದಲು ಬೀರು ಹುಡುಕಿ. ತಾತ ಹೋದಾಗ ನೋಂದಾಯಿಸಿಲ್ಲ ಅಂದರೆ ಕೆಲಸ ಉದ್ದ ಆಗುತ್ತೆ. ಒಂದು ವರ್ಷ ದಾಟಿದ ಮೇಲೆ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು.

ಮತ್ತೆ ತಾತನಿಗೆ ಹೆಣ್ಣುಮಕ್ಕಳು ಎಷ್ಟು ಜನ? ನೀವು ಬರೀ ಮೂವರು ಗಂಡುಮಕ್ಕಳ ಲೆಕ್ಕ ಹೇಳಿದಿರಿ. ವಂಶವೃಕ್ಷದಲ್ಲಿ ಅತ್ತೆಯರ ಹೆಸರೂ ಇರಬೇಕು. ಬಿಟ್ಟು ಮಾಡಿಸಿದರೆ ನಾಳೆ ಯಾರಾದರೂ ತಕರಾರು ಹಾಕಿದಾಗ ಮತ್ತೆ ಮೊದಲಿಂದ ಶುರು.

ಸೆಕೆಂಡ್ ಶಿಫ್ಟ್ (ಕೋಲಾರ)

ಇಬ್ಬರು. ದೊಡ್ಡತ್ತೆ ಮಾಲೂರಲ್ಲಿ, ಚಿಕ್ಕತ್ತೆ ಹೊಸಕೋಟೆಯಲ್ಲಿ. ಬೀಗರೂಟದಲ್ಲಿ ಮಾತಾಡಿದ ಮಾವ ದೊಡ್ಡತ್ತೆಯ ಗಂಡ.

ವಡ್ಡಹಳ್ಳಿ ಮಂಡಿ (ಮುಳಬಾಗಿಲು)

ಹಾಗಾದರೆ ಪಾಯಸದ ಹೊತ್ತಿಗೆ ಏನೂ ಕೇಳಬೇಡ. ಮೊದಲು ಅತ್ತೆಗೆ ಫೋನ್ ಮಾಡಿ ಆಧಾರ್ ಜೆರಾಕ್ಸ್ ತರಿಸ್ಕೊ.